ಮಹಾದೇವಕ್ಕ ಹೇಳದೆ ಬಿಟ್ಟ ಮೂರನೆಯ ಗುಣ

ಘಾಟ್ಕೋಪರ್‌ನ ನಮ್ಮ ಚಾಲ್‌ನಲ್ಲಿ, ಎಂದರೆ ವಠಾರದಲ್ಲಿ, ಮಿಕ್ಸರ್ ಕೆಟ್ಟರೆ ಯಾರೂ ಅಂಗಡಿಗೆ ಹೋಗುವುದಿಲ್ಲ, ಮಹಾದೇವಕ್ಕನ ಬಳಿ ಹೋಗುತ್ತಾರೆ. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಏಳನೆಯ ತರಗತಿಯವರೆಗೆ ಓದಿದ್ದಾರೆ. ವಯಸ್ಸು ನಲವತ್ತೆರಡು. ಗಂಡ ಶಿವಪುತ್ರಪ್ಪ ಪವಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವರ ಡ್ರಿಲ್ ಮಶೀನು ತಿಂಗಳಿಗೊಮ್ಮೆ ಕೆಡುತ್ತಿತ್ತು. ಅದನ್ನು ಬಿಚ್ಚಿ ಬಿಚ್ಚಿಯೇ ಮಹಾದೇವಕ್ಕ ರಿಪೇರಿ ಕಲಿತರು.

ಅವರು ಕೆಲಸ ಮಾಡುತ್ತಿದ್ದುದು ಮೆಟ್ಟಿಲಿನ ಕೆಳಗೆ. ಈ ವರ್ಷ ನೀರಿನ ಹೊಸ ಪಂಪನ್ನು ಅಲ್ಲಿಯೇ ಇಡುವುದೆಂದು ಚಾಲ್‌ನವರು ತೀರ್ಮಾನಿಸಿದರು. ಪಂಪಿಗೂ ಮಹಾದೇವಕ್ಕನಿಗೂ ಬೇರೆ ಜಾಗ ಇರಲಿಲ್ಲ. ಅದೇ ವಾರ, ಸ್ಟೇಷನ್ ಹತ್ತಿರದ ಮಹಿಳಾ ತರಬೇತಿ ಕೇಂದ್ರಕ್ಕೆ ರಿಪೇರಿ ಕಲಿಸುವವರು ಬೇಕಾಗಿದ್ದಾರೆಂದು ತಿಳಿಯಿತು. ಬೆಳಿಗ್ಗೆ ಕಲಿಸಬೇಕು, ಮಧ್ಯಾಹ್ನದ ಮೇಲೆ ಅದೇ ಮೇಜಿನ ಮೇಲೆ ಸ್ವಂತ ಕೆಲಸ ಮಾಡಿಕೊಳ್ಳಬಹುದು. ಆದರೆ ಕೈಕೆಲಸದ ಪರೀಕ್ಷೆಯ ಜೊತೆಗೆ ಬಾಯಿಪರೀಕ್ಷೆಯೂ ಇತ್ತು, ಅದರಲ್ಲಿ ವಿಜ್ಞಾನವೂ ಇತ್ತು.

ಪಕ್ಕದ ಮನೆಯ ನಾನು ಶಾಲೆ ಬಿಟ್ಟಿದ್ದರೂ ನನ್ನ ಒಂಬತ್ತನೆಯ ತರಗತಿಯ ಪುಸ್ತಕ ಮನೆಯಲ್ಲಿತ್ತು. ಲೋಹ ಮತ್ತು ಅಲೋಹಗಳ ಪಾಠವನ್ನು ನಾನು ಓದುತ್ತಿದ್ದೆ, ಅವರು ತಿರುಗಿ ಹೇಳುತ್ತಿದ್ದರು. ಅಲೋಹಕ್ಕೆ ಹೊಳಪಿಲ್ಲ. ಬಡಿದರೆ ಪುಡಿಯಾಗುತ್ತದೆ. ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ತಂತಿಯಾಗಿ ಎಳೆಯಲು ಬರುವುದಿಲ್ಲ. ಉದಾಹರಣೆಗೆ ಗಂಧಕ, ರಂಜಕ, ಅಯೋಡಿನ್, ಕಾರ್ಬನ್. ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಅದು ಮುಖ್ಯವಲ್ಲವೆಂದು ನಾನು ಓದಲಿಲ್ಲ. ಅದು ನನ್ನ ತಪ್ಪು.

"ಗಂಧಕ, ಗಂಧಕ ಅನ್ಕೋತ ಪಲ್ಯಾಕ ಉಪ್ಪ ಹಾಕೂದ ಮರತೀಯಲ್ಲ" ಎಂದು ಶಿವಪುತ್ರಪ್ಪ ಊಟಕ್ಕೆ ಕುಳಿತು ಕಾಡಿಸಿದರು.

"ಉಪ್ಪಿನಾಗೂ ಕ್ಲೋರಿನ್ ಅಂತ ಒಂದ ಅಲೋಹ ಐತಂತರಿ. ಬೇಕಾದಷ್ಟ ಮ್ಯಾಲ ಹಾಕ್ಕೋರಿ."

ಪರೀಕ್ಷೆಯ ದಿನ ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗೆ ನಡೆದದ್ದನ್ನು ಮಹಾದೇವಕ್ಕ ಹೇಳಿದಂತೆಯೇ ಬರೆಯುತ್ತಿದ್ದೇನೆ.

ಪರೀಕ್ಷಕಿ ರಂಜನಾ ಮೇಡಮ್ ಬೆಳಗಾವಿಯವರು. ಮಹಾದೇವಕ್ಕ ಅವರೆದುರು ಒಂದು ಮಿಕ್ಸರ್ ಬಿಚ್ಚಿ, ಸವೆದ ಕಾರ್ಬನ್ ಬ್ರಷ್ ತೆಗೆದು ಹೊಸದು ಹಾಕಿ ತಿರುಗಿಸಿ ತೋರಿಸಿದರು. ಬ್ರಷ್ ಎಂದರೆ ಕೂದಲಿನದಲ್ಲ, ಉಗುರಿನಷ್ಟು ದೊಡ್ಡ ಕಪ್ಪು ತುಂಡು. ತಿರುಗುವ ಮೋಟಾರಿಗೆ ಅದರ ಮೂಲಕವೇ ಕರೆಂಟು ಹೋಗುತ್ತದೆ.

"ಇನ್ನ ಅಲೋಹದ ನಾಕ ಗುಣ ಹೇಳ್ರಿ" ಎಂದರು ಮೇಡಮ್.

ಮಹಾದೇವಕ್ಕ ಮೊದಲ ಎರಡನ್ನು ಸರಾಗವಾಗಿ ಹೇಳಿದರು. ಮೂರನೆಯದಕ್ಕೆ ಬಾಯಿ ನಿಂತಿತು.

"ಮರತ್ರೇನು?"

"ಮರತಿಲ್ರಿ. ಹೇಳೂದಿಲ್ಲ."

"ಯಾಕ?"

"ಸುಳ್ಳ ಆಗತೈತ್ರಿ. ಕಾರ್ಬನ್ ಅಲೋಹ ಅಂತ ಪುಸ್ತಕದಾಗ ಐತಿ. ಅಲೋಹದಾಗ ಕರೆಂಟ್ ಹರಿಯೂದಿಲ್ಲ ಅಂತನೂ ಐತಿ. ಹಂಗಾದ್ರ ಈಗ ನಿಮ್ಮ ಮುಂದ ಮಿಕ್ಸರ್ ಹ್ಯಾಂಗ ತಿರಗಿತರಿ?"

ಮೇಡಮ್ ಪೆನ್ನು ಕೆಳಗಿಟ್ಟರು. "ಹಂಗಾರ ಕಾರ್ಬನ್ ಲೋಹ ಅನ್ರಿ."

ಮಹಾದೇವಕ್ಕ ಸವೆದ ಬ್ರಷ್ಷನ್ನು ಕಾಗದದ ಮೇಲಿಟ್ಟು ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿದರು. ಅದು ಕಪ್ಪು ಪುಡಿಯಾಯಿತು. "ತಾಮ್ರ ಆಗಿದ್ರ ತಗಡಾಗತಿತ್ತು. ಇದು ಪುಡಿ ಆತು. ತಂತಿ ಎಳ್ಯಾಕೂ ಬರೂದಿಲ್ಲ. ಒಂದ ಗುಣಕ್ಕ ಅದನ್ನ ಆ ಕಡೆ ಯಾಕ ನೂಕಬೇಕ್ರಿ? ಅಲೋಹನ ಇದು. ಆದ್ರ ಕರೆಂಟ್ ಒಯ್ಯತೈತಿ."

ಮೇಡಮ್ ವಿವರಿಸಿದರು. ಕಾರ್ಬನ್ನಿನ ಈ ರೂಪಕ್ಕೆ ಗ್ರಾಫೈಟ್ ಎಂದು ಹೆಸರು, ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ವಜ್ರವೂ ಕಾರ್ಬನ್ನೇ, ಆದರೆ ಅದರಲ್ಲಿ ಹರಿಯುವುದಿಲ್ಲ. ಅಯೋಡಿನ್ ಅಲೋಹವಾದರೂ ಅದರ ಹರಳು ಹೊಳೆಯುತ್ತದೆ. ಆದ್ದರಿಂದ ಹಲವು ಗುಣಗಳನ್ನು ಒಟ್ಟಿಗೆ ನೋಡಿಯೇ ವಿಂಗಡಿಸುತ್ತಾರೆ. ಪುಸ್ತಕದ ಸಣ್ಣ ಅಕ್ಷರದ ಸಾಲಿನಲ್ಲಿದ್ದುದು ಗ್ರಾಫೈಟಿನ ಈ ಮಾತೇ.

"ಒಂದ ಕಡೀ ಪ್ರಶ್ನಿ" ಎಂದರು ಮೇಡಮ್. "ತಾಮ್ರ, ಹಿತ್ತಾಳ್ಯಾಗ ಕರೆಂಟ್ ಇನ್ನೂ ಛಲೋ ಹರೀತೈತಿ. ಬ್ರಷ್ ಅದರದ ಹಾಕಬಹುದಲ್ಲ?"

ಬೇಡ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಮಹಾದೇವಕ್ಕ ಕೈಯ ಮಸಿ ಒರೆಸಿಕೊಂಡು ನಡೆದದ್ದನ್ನೇ ಹೇಳಿದರು.

"ಹಾಕಿ ನೋಡೀನ್ರಿ. ನಮ್ಮ ಚಾಲ್‌ನ ಗಂಗುಬಾಯಿ ಅಜ್ಜಿ ಮಿಕ್ಸರಿಗೆ. ಕಾರ್ಬನ್ ಸವೀತೈತಿ, ಹಿತ್ತಾಳಿ ಕಾಯಂ ಇರತೈತಿ ಅಂತ ಶಾಣ್ಯಾತನ ಮಾಡಿದ್ನಿ. ಚಟ್ನಿ ಅರ್ಧಾ ಆಗೂದ್ರಾಗ ಕಿಡಿ ಹಾರಿದ್ವು. ಒಳಗಿನ ತಾಮ್ರ ಎಲ್ಲಾ ಕೆರದ ಹೋತು. ಇವತ್ತಿಗೂ ಆ ಮುದುಕಿ ನನಗ ದೀಪಾವಳಿ ಮಿಸ್ತ್ರಿ ಅಂತಾಳ. ಮೆತ್ತಂದ ಸವೀಬೇಕ್ರಿ, ತಾಮ್ರ ಉಳೀಬೇಕು. ಅದಕ್ಕ ಕಾರ್ಬನ್."

ಮೇಡಮ್‌ಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಕೈಯಾಗ ಇನ್ನ ಏನೇನ ಕೆಟ್ಟಾವು?"

ಇದಕ್ಕೆ ಉತ್ತರ ಎಲ್ಲಕ್ಕಿಂತ ಉದ್ದವಾಯಿತು. ಎರಡು ಫ್ಯಾನು, ಒಂದು ಇಸ್ತ್ರಿ ಪೆಟ್ಟಿಗೆ, ಗಂಡನದೇ ಒಂದು ಡ್ರಿಲ್. ಪ್ರತಿಯೊಂದೂ ಯಾಕೆ ಕೆಟ್ಟಿತೆಂದು ಮಹಾದೇವಕ್ಕ ಬಿಡಿಸಿ ಹೇಳಿದರು. ಮೇಡಮ್ ಬರೆದುಕೊಂಡರು. ಅಲೋಹದ ಪ್ರಶ್ನೆಗೆ ನಾಲ್ಕರಲ್ಲಿ ಮೂರೇ ಅಂಕ ಬಂದವು, ಯಾಕೆಂದರೆ ಹಾಳೆಯಲ್ಲಿ ನಾಲ್ಕು ಗುಣ ಎಂದೇ ಅಚ್ಚಾಗಿತ್ತು. ಕೆಳಗೆ ಮೇಡಮ್ ಸಹಿ ಮಾಡಿ, "ಸೋಮವಾರ ಒಂಬತ್ತಕ್ಕ ಬರ್ರಿ. ಕೆಟ್ಟದ್ದು ಹ್ಯಾಂಗ ಕೆಟ್ಟಿತು ಅಂತನೂ ಕಲಿಸ್ರಿ" ಎಂದರು.

ಸಂಜೆ ಇದನ್ನೆಲ್ಲ ಕೇಳಿ ಶಿವಪುತ್ರಪ್ಪ, "ಕೆಡಿಸಿದ್ದ ನೋಡಿ ನೌಕರಿ ಕೊಡತಾರಂದ್ರ ನನ್ನ ಮ್ಯಾನೇಜರ್ ಮಾಡಬೇಕಿತ್ತು" ಎಂದರು.

ಸೋಮವಾರ ಎಂಟು ಜನ ಹೆಂಗಸರು ಕಲಿಯಲು ಬಂದಿದ್ದರು. ಮಹಾದೇವಕ್ಕ ಸಂಜೆ ಮನೆಗೆ ಬಂದಾಗ ಪಾಠ ಹೇಳಿ ಹೇಳಿ ದನಿ ಒಡೆದಿತ್ತು. ಒಂದು ಚೊಂಬು ನೀರು ಕುಡಿದು, "ಎಂಟೂ ಮಂದಿ ನಾಳೆ ಬರತಾರಂತ" ಎಂದರು.