ಟೀವಿಯಲ್ಲಿ ಹೇಳಿದ ಸುಳ್ಳು

ಪರಮೇಶಪ್ಪನಿಗೆ ಸಿನೆಮಾ ಹುಚ್ಚು ಹಿಡಿದದ್ದು ಹೊಲಿಗೆ ಕಲಿಯಲು ರಾಣೆಬೆನ್ನೂರಿಗೆ ಬಂದ ಮೇಲೆ. ಕದರಮಂಡಲಗಿಯಲ್ಲಿ ಓದು ತಲೆಗೆ ಹತ್ತದ ಮಗನನ್ನು ಅಪ್ಪ ಸೋದರಮಾವನ ಅಂಗಡಿಗೆ ತಂದು ಬಿಟ್ಟಿದ್ದ. ಹಗಲೆಲ್ಲ ಕಾಜಾ ಹಾಕುವುದು, ಗುಂಡಿ ಹಚ್ಚುವುದು. ಹೊತ್ತು ಮುಳುಗಿತೆಂದರೆ ಟಾಕೀಸು. ನಾಯಕನ ಅಂಗಿಯ ಕಾಲರು ಎಷ್ಟು ಉದ್ದ, ತುದಿ ಎಷ್ಟು ಚೂಪು ಎಂದು ಕಣ್ಣಲ್ಲೇ ಅಳೆದುಕೊಂಡು ಬಂದು, ಮರುವಾರ ಅಂಥದೇ ಕಾಲರನ್ನು ಊರಿನ ಹುಡುಗರ ಕೊರಳಿಗೆ ಹಚ್ಚುತ್ತಿದ್ದ. ಹಾಗಾಗಿ ಮಾವನಿಗಿಂತ ಅವನಿಗೇ ಗಿರಾಕಿ ಹೆಚ್ಚಾದರು. ಮುಂದೆ ಮೇಡ್ಲೇರಿ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದ. ಅಳತೆ ತೆಗೆಯುತ್ತ ತೆಗೆಯುತ್ತ ಕತೆ ಹೇಳುವುದು ರೂಢಿಯಾಯಿತು. ತೋಳಿನ ಅಳತೆಗೆ ಶುರುವಾದ ಕತೆ ಪ್ಯಾಂಟಿನ ಅಳತೆಗೆ ಬರುವಷ್ಟರಲ್ಲಿ ಇಂಟರ್‌ವಲ್ಲಿಗೆ ಬಂದಿರುತ್ತಿತ್ತು.

ನಡುವೆ ಮದುವೆಯಾಯಿತು. ಹೆಂಡತಿ ಭರಮವ್ವ ಕದರಮಂಡಲಗಿಯಲ್ಲಿ ಅತ್ತೆಯ ಜೊತೆ ಉಳಿದಳು. ಪರಮೇಶಪ್ಪ ಶನಿವಾರ ಹೋಗಿ ಹಣಮಪ್ಪನ ಗುಡಿಗೆ ಕಾಯಿ ಒಡೆಸಿ, ಉಂಡು, ಮರುದಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದ. ಒಮ್ಮೆ ಹೊಸ ಸೊಸೆ ಹೆದರುತ್ತ ಹೆದರುತ್ತ, “ನನಗೂ ಒಂದ ಪಿಕ್ಚರ್ ತೋರಸ್ರಿ” ಎಂದಿದ್ದಳು. ಒಲೆಯ ಮುಂದಿದ್ದ ಅವನ ತಾಯಿ, “ಮರ್ಯಾದಸ್ಥರ ಮನಿ ಹೆಣ್ಮಕ್ಕಳು ಟಾಕೀಸಿಗೆ ಹೋಗಂಗಿಲ್ಲ” ಎಂದಳು. ಪರಮೇಶಪ್ಪ ಮಾತಾಡಲಿಲ್ಲ. ತಾಯಿಗೆ ಎದುರಾಡುವ ಧೈರ್ಯ ಇರಲಿಲ್ಲವೆಂದಲ್ಲ; ಗೆಳೆಯರ ಜೊತೆ ಮುಂದಿನ ಬೆಂಚಿನಲ್ಲಿ ಕೂತು ಸೀಟಿ ಹೊಡೆಯುವ ಸುಖವನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ. ತಾಯಿ ತೀರಿಕೊಂಡು ಭರಮವ್ವ ರಾಣೆಬೆನ್ನೂರಿನ ಮನೆಗೆ ಬರುವ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿದ್ದಳು. ಸಿನೆಮಾದ ಮಾತು ಮತ್ತೆ ಎತ್ತಲಿಲ್ಲ.

ಈಗ ಪರಮೇಶಪ್ಪನಿಗೆ ಎಪ್ಪತ್ತರ ಆಸುಪಾಸು. ಮಕ್ಕಳು ಬ್ಯಾಡಗಿ, ಹಾವೇರಿಗಳಲ್ಲಿ ಗಂಡಂದಿರ ಮನೆಯಲ್ಲಿದ್ದಾರೆ. ರೆಡಿಮೇಡ್ ಬಂದು ಹೊಲಿಗೆ ಕಡಿಮೆಯಾದರೂ ಅಂಗಡಿಗೆ ಜನ ಕಡಿಮೆಯಾಗಲಿಲ್ಲ. ಕಾರಣ ‘ಬೆಳ್ಳಿಪರದೆ’. ಕೇಬಲ್ ನಡೆಸುವ ಫಿರೋಜ್ ಶುರುಮಾಡಿದ ಸ್ಥಳೀಯ ಚಾನೆಲ್ ಅದು. ಹಳೆಯ ಚಿತ್ರಗಳಿಗಷ್ಟೇ ಮೀಸಲು. ಎಂಬತ್ತೈದರ ಈಚಿನ ಒಂದು ಚಿತ್ರವನ್ನೂ ಹಾಕಬಾರದು ಎಂಬ ನಿಯಮ ಮಾಡಿಸಿದವನು ಪರಮೇಶಪ್ಪನೇ. ಭಾನುವಾರದ ಚಿತ್ರಕ್ಕೆ ಮೊದಲು ಅವನೇ ಟೀವಿಯಲ್ಲಿ ಬಂದು ನಾಲ್ಕು ಮಾತು ಹೇಳುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ನಮಸ್ಕಾರ ಮಾಡತೊಡಗಿದ್ದರು.

ಆದರೆ ನೋಡುವವರು ಕಡಿಮೆಯಾಗುತ್ತ ಬಂದರು. ಹೊಸ ಚಿತ್ರಗಳನ್ನೂ ಹಾಕಿ, ಇಲ್ಲದಿದ್ದರೆ ನಿಮ್ಮ ಚಾನೆಲ್ ಯಾಕೆ ಬೇಕು ಎಂದು ಜನ ಫಿರೋಜನಿಗೆ ಫೋನು ಮಾಡತೊಡಗಿದರು. ಅವನು ಒಂದು ಉಪಾಯ ಮಾಡಿದ. ಭಾನುವಾರ ಸಂಜೆ ತನ್ನ ಆಫೀಸಿನ ಮೇಲಿನ ಹಾಲಿನಲ್ಲಿ ಚರ್ಚೆ ಇಟ್ಟು, ಚಾನೆಲ್ಲಿನಲ್ಲೇ ನೇರವಾಗಿ ತೋರಿಸುವುದು. ಕೊನೆಗೆ ಜನರೇ ಕೈ ಎತ್ತಿ ತೀರ್ಮಾನ ಮಾಡಲಿ.

ಹೊಸ ಚಿತ್ರಗಳ ಪರವಾಗಿ ಮಾತಾಡಲು ಬಂದವಳು ಸುಚಿತ್ರಾ, ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಕೂಗಾಡಲಿಲ್ಲ. ಮೈಕು ಹಿಡಿದು ಮೆಲ್ಲಗೆ ಕೇಳಿದಳು.

“ಹಳೇವು ಬ್ಯಾಡ ಅನ್ನಂಗಿಲ್ರಿ ನಾನು. ಆದ್ರ ಯಾರಿಗೆ ಹಳೇವು? ನಮ್ಮವ್ವ, ನಮ್ಮ ದೊಡ್ಡವ್ವ ಟಾಕೀಸಿನ ಬಾಗಲಾ ಕಂಡವರಲ್ಲ. ಅವರು ಪಿಕ್ಚರ್ ನೋಡಿದ್ದು ಓಣ್ಯಾಗ ಟೀವಿ ಬಂದಮ್ಯಾಲೆ. ಅವರ ನೆನಪಿನ್ಯಾಗಿರೋದು ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದಿನ ಪಿಕ್ಚರ್. ಅವನ್ನ ನೀವು ಹೊಸಾವು ಅಂತ ಹೊರಗ ಇಟ್ಟೀರಿ. ಇದು ಗಂಡಸರ ನೆನಪಿನ ಚಾನೆಲ್ ಆತಲ್ರಿ.”

ಹಾಲಿನಲ್ಲಿ ಗುಜುಗುಜು ಎದ್ದಿತು. ಹಿಂದೆ ಕೂತ ಹೆಂಗಸರು ತಲೆಯಾಡಿಸುವುದು ಪರಮೇಶಪ್ಪನ ಕಣ್ಣಿಗೆ ಬಿತ್ತು. ಹುಡುಗಿಯ ಮಾತಿನಲ್ಲಿ ಹುರುಳಿದೆ ಎಂದು ಒಳಗೊಳಗೆ ಗೊತ್ತಾದದ್ದೇ ಅವನ ಸಿಟ್ಟನ್ನು ಹೆಚ್ಚಿಸಿತು. ಮೈಕು ಕೈಗೆ ಬಂದಾಗ ಬಾಯಿಂದ ಬೇರೆಯೇ ಮಾತು ಹೊರಟಿತು.

“ತಂಗೀ, ನಿಮ್ಮನಿ ಮಾತು ನನಗ ಗೊತ್ತಿಲ್ಲ. ನನ್ನ ಹೆಂಡ್ತೀನ ಕೇಳು. ಲಗ್ನಾದ ವರ್ಷನ ಅಕೀನ ಕರಕೊಂಡು ಹೋಗಿ ಬಾಲ್ಕನ್ಯಾಗ ಕುಂದ್ರಿಸಿ ಪಿಕ್ಚರ್ ತೋರಿಸೀನಿ. ಅಣ್ಣ ತಂಗಿ ಅಗಲೋ ಸೀನಿನ್ಯಾಗ ಅಕಿ ಸೆರಗು ಬಾಯಿಗೆ ಹಿಡಕೊಂಡು ಅತ್ತದ್ದು ಇನ್ನೂ ಕಣ್ಣ ಮುಂದ ಐತಿ. ಈ ಚಾನೆಲ್ ಅಂಥಾ ಹೆಣ್ಮಕ್ಕಳ ಕಣ್ಣೀರಿಂದು.”

ಚಪ್ಪಾಳೆ ಬಿದ್ದವು. ಸುಚಿತ್ರಾ ಎದ್ದು ನಿಂತು ಕೈ ಮುಗಿದಳು. “ತಪ್ಪಾತ್ರಿ ಕಾಕಾ. ನಿಮ್ಮಂಥವರೂ ಇದ್ರು ಅನ್ನೋದು ನನಗ ಗೊತ್ತಿರಲಿಲ್ಲ” ಎಂದಳು. ಕೈಗಳು ಮೇಲೆದ್ದವು. ನಿಯಮ ಉಳಿಯಿತು.

ಗೆದ್ದ ಉಮೇದಿನಲ್ಲಿ ಮನೆಗೆ ಬಂದ ಪರಮೇಶಪ್ಪ ಬಾಗಿಲ ಹೊರಗೆ ಹೆಂಗಸರ ಚಪ್ಪಲಿಗಳನ್ನು ಕಂಡು ನಿಂತ. ಚರ್ಚೆ ನೋಡಲು ಓಣಿಯವರೆಲ್ಲ ಅವನ ಮನೆಗೇ ಬಂದಿದ್ದರು. ಭರಮವ್ವ ಇದನ್ನು ನೋಡುತ್ತಿರುತ್ತಾಳೆ ಎಂಬುದು ಮೈಕು ಹಿಡಿದಾಗ ಅವನಿಗೆ ನೆನಪೇ ಆಗಿರಲಿಲ್ಲ. ಒಳಗಿನಿಂದ ಪಕ್ಕದ ಮನೆಯ ದೌಲತಬಿಯ ದನಿ ಕೇಳಿಸಿತು.

“ಇಷ್ಟ ವರ್ಷ ಆತು, ಒಂದ ಸಲನೂ ಹೇಳೇ ಇಲ್ಲಲ್ಲಬೇ ಭರಮಕ್ಕ. ಬಾಲ್ಕನ್ಯಾಗ ಕುಂತಿದ್ದೇನು?”

ಭರಮವ್ವ ಹೇಳಿದಳು. “ಹೂನವಾ. ಕುಂತಿದ್ವಿ. ಹಸರ ಸೀರಿ ಉಟ್ಟಿದ್ದೆ. ಮ್ಯಾಲಿಂದ ನೋಡಿದ್ರ ಕೆಳಗಿನ ಮಂದಿ ತಲಿ ಎಲ್ಲಾ ಕಾಣತಿದ್ವು. ಫ್ಯಾನ್ ಇತ್ತು. ಇವರು ಶೇಂಗಾ ಕೊಡಿಸಿದ್ರು.”

“ಮತ್ತ ಅತ್ತಿದ್ದೇನು?”

“ಅಳು ಬರಲಾರದಂಗ ಇರತೈತೇನವಾ.”

ಪರಮೇಶಪ್ಪ ಹೊಸ್ತಿಲ ಹೊರಗೇ ನಿಂತುಬಿಟ್ಟ. ಶೇಂಗಾದ ಮಾತು ಅವನು ಹೇಳಿರಲಿಲ್ಲ, ಅವಳೇ ಸೇರಿಸಿದ್ದಳು. ತಾನು ಸುಳ್ಳು ಹೇಳಿದ್ದು ಒಂದು ಮಾತಿನಷ್ಟು. ಅದನ್ನು ಬೀಳದಂತೆ ನಿಲ್ಲಿಸಲು ಅವಳು ಸೀರೆ, ಫ್ಯಾನು, ಶೇಂಗಾ ಎಲ್ಲವನ್ನೂ ಹುಡುಕಿ ತರಬೇಕಾಗಿತ್ತು. ಕಾಣದ ಬಾಲ್ಕನಿಯನ್ನು ಕಟ್ಟಬೇಕಾಗಿತ್ತು. ಹಿಂದಕ್ಕೆ ಹೊರಳಿ, ರಸ್ತೆಯ ತುದಿಯ ಚಹಾದಂಗಡಿಯಲ್ಲಿ ಕೂತು, ಹೆಂಗಸರು ಹೋದರೆಂದು ಖಾತ್ರಿಯಾದ ಮೇಲೆ ಮನೆಗೆ ಬಂದ.

ಭರಮವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನು ತುತ್ತು ಎತ್ತಲಾರದೆ ಕೇಳಿದ. “ಯಾಕ ಹಂಗ ಹೇಳಿದಿ ಅವರ ಮುಂದ?”

“ಮತ್ತೇನ ಹೇಳಬೇಕಾಗಿತ್ತು? ನನ್ನ ಗಂಡ ಊರಿಗೆಲ್ಲಾ ಸುಳ್ಳ ಹೇಳ್ಯಾನ ಅನ್ನಲೇನು?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಉಣ್ರಿ. ಆರತೈತಿ.”

ಸಿಟ್ಟಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಅಂಗಡಿಯಲ್ಲಿ ಕೂರುವುದೇ ಕಷ್ಟವಾಯಿತು. ಬೀಜದಂಗಡಿಯ ಮಲ್ಲೇಶಪ್ಪ ತನ್ನ ಹೆಂಡತಿಯನ್ನೇ ಕರೆದುಕೊಂಡು ಬಂದ. “ನೋಡು, ಇವರ ನೋಡು. ಆ ಕಾಲದಾಗ ಹೆಂಡ್ತೀನ ಬಾಲ್ಕನಿಗೆ ಕರಕೊಂಡು ಹೋದವರು” ಎಂದ. ಆ ಹೆಂಗಸು ಪರಮೇಶಪ್ಪನನ್ನು ಎಷ್ಟು ಗೌರವದಿಂದ ನೋಡಿದಳೆಂದರೆ, ಅವನು ಬಗ್ಗಿ, ಬಿದ್ದೇ ಇರದ ಗುಂಡಿಯನ್ನು ನೆಲದ ಮೇಲೆ ಹುಡುಕತೊಡಗಿದ. ಮಧ್ಯಾಹ್ನ ಫಿರೋಜನ ಫೋನು ಬಂತು.

“ಕಾಕಾ, ಭಾಳ ಮಂದಿ ಫೋನ್ ಮಾಡಾಕತ್ತಾರ. ಈ ಸಲ ಕಾಕೂನೂ ಕರಕೊಂಡ ಬರ್ರಿ. ಇಬ್ಬರನೂ ಕುಂದ್ರಿಸಿ ಮಾತಾಡಸ್ತೇನಿ. ಅವತ್ತಿನ ಬಾಲ್ಕನಿ ಕತಿ ಕಾಕೂನ ಬಾಯಿಲೆ ಕೇಳೂಣು.”

ಮೊದಲ ಸುಳ್ಳನ್ನು ಅವಳು ಓಣಿಯ ಮುಂದೆ ಹೊತ್ತಿದ್ದಳು. ಇನ್ನು ಊರ ಮುಂದೆ ಹೊರಬೇಕು. ಕರೆದರೆ ಬರುತ್ತಾಳೆ, ಹೇಳುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು. “ನಾ ಒಬ್ಬನ ಬರ್ತೇನಿ” ಎಂದು ಫೋನಿಟ್ಟ.

ಆ ಭಾನುವಾರ ಕ್ಯಾಮೆರಾದ ಮುಂದೆ ಕೂತು ಅವನು ಚಿತ್ರದ ಮಾತೆತ್ತಲಿಲ್ಲ. “ಹೋದ ವಾರ ನಾ ಹೇಳಿದ್ದು ಸುಳ್ಳು. ನನ್ನ ಹೆಂಡ್ತೀನ ನಾ ಒಂದ ಸಲನೂ ಟಾಕೀಸಿಗೆ ಕರಕೊಂಡು ಹೋಗಿಲ್ಲ. ಅಕಿ ಕೇಳಿದ್ಲು, ನಾ ಒಯ್ಯಲಿಲ್ಲ. ಆ ಹುಡುಗಿ ಸುಚಿತ್ರಾ ಹೇಳಿದ್ದು ಖರೇ ಐತಿ. ನನ್ನ ಹೆಂಡ್ತಿ ಮುಂದ ನಾ ತಪ್ಪಿತಸ್ಥ. ಹೊಸಾವೂ ಹಾಕ್ರಿ ಅಂತ ನಾನ ಈಗ ಹೇಳಾಕತ್ತೇನಿ.” ಇಷ್ಟು ಹೇಳಿ ಕೈಮುಗಿದು ಎದ್ದ. ಕ್ಯಾಮೆರಾ ಹಿಡಿದವನು ನಗು ತಡೆಯಲಾರದೆ ಮುಖ ತಿರುವಿದ. ಫಿರೋಜ್ ಲಗುಬಗೆಯಿಂದ ಹಾಡೊಂದನ್ನು ಹಚ್ಚಿದ.

ಮೆಟ್ಟಿಲಿಳಿಯುವಾಗ ಪರಮೇಶಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತೆ ಅನಿಸಿತ್ತು. ಮನೆಗೆ ಬಂದರೆ ಟೀವಿ ಬಂದ್ ಆಗಿತ್ತು. ಭರಮವ್ವ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಹೊರಗೆ ಒಂದೂ ಚಪ್ಪಲಿ ಇರಲಿಲ್ಲ.

“ಬಂದವರೆಲ್ಲಾ ಎದ್ದ ಹೋದ್ರು” ಎಂದಳು. “ಯಾರೂ ನನ್ನ ಮುಖಾ ನೋಡಲಿಲ್ಲ.”

“ನಾ ಖರೇ ಹೇಳಿದ್ನಲ್ಲ...”

“ನೀವು ಖರೇ ಹೇಳಿದ್ರಿ. ನಾ ಏನಾದೆ? ಹಸರ ಸೀರಿ ಅಂದವಳು ನಾನು, ಶೇಂಗಾ ಅಂದವಳು ನಾನು. ನಿಮ್ಮ ಸಲುವಾಗಿ ಹೇಳಿದ್ದು. ಈಗ ಓಣ್ಯಾಗ ಸುಳ್ಳಬುರಕಿ ಯಾರು? ಊರಿಗೆ ಹೇಳೂಕಿಂತ ಮೊದಲ ನನಗೊಂದ ಮಾತು ಕೇಳಬೇಕಾಗಿತ್ತು. ತಪ್ಪಾತು ಅಂತ ನನ್ನ ಮುಂದ ಅಂದಿದ್ರ ಸಾಕಿತ್ತು. ಊರ ಮುಂದ ಅಂದ್ರಿ, ನನಗ ಇನ್ನೂ ಅಂದಿಲ್ಲ.”

ಪರಮೇಶಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು. ತನ್ನ ಮನಸ್ಸು ಹಗುರಾಗಲಿ ಎಂದು ಭಾರವನ್ನು ಒಯ್ದು ಅವಳ ತಲೆಯ ಮೇಲೆ ಇಟ್ಟು ಬಂದಿದ್ದ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಈಗ ಅಂದರೆ ಅವಳು ಹೇಳಿಕೊಟ್ಟದ್ದನ್ನು ಒಪ್ಪಿಸಿದಂತಾಗುತ್ತದೆ ಎನಿಸಿ ನಾಲಿಗೆ ಹೊರಳಲಿಲ್ಲ. ಹಾಗೇ ಹೊರಬಿದ್ದು ದೌಲತಬಿಯ ಬಾಗಿಲಿಗೆ ಹೋದ.

ದೌಲತಬಿ ಅಂಗಳದಲ್ಲಿ ಒಣಗಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. “ಬರ್ರಿ ಅಣ್ಣಾರ, ಕುಂದ್ರಿ” ಎಂದಳು. ಅವನು ಕೂರಲಿಲ್ಲ.

“ಅಕಿ ಹೇಳಿದ್ದು ನನ್ನ ಮಾನ ಉಳಸಾಕ. ಅಕಿದೇನೂ ತಪ್ಪಿಲ್ಲವಾ. ಅಕಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ.”

ದೌಲತಬಿ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. “ಸಿಟ್ಟ ಯಾಕ್ರಿ? ಅಕಿ ಬಾಲ್ಕನಿ ಅನ್ನೂವಾಗನ ಸುಳ್ಳು ಅಂತ ನನಗ ಗೊತ್ತಾಗಿತ್ತು. ಓಣ್ಯಾಗ ಮೊದಲ ಟೀವಿ ಬಂದಿದ್ದು ನಮ್ಮನಿಗೆ. ಭರಮಕ್ಕ ಬಂದು ಹೊಸ್ತಿಲದ ಮ್ಯಾಲೆ ಕುಂದರ್ತಿದ್ಲು. ಒಳಗ ಬಾ ಅಂದ್ರ ಬರ್ತಿರಲಿಲ್ಲ. ನಿಮ್ಮ ಸೈಕಲ್ ಗಂಟಿ ಕೇಳಿಸಿದ್ರ ಸಾಕು, ಊಟಕ್ಕ ಬಂದ್ರು ಅಂತ ಎದ್ದ ಓಡ್ತಿದ್ಲು. ಒಂದ ಪಿಕ್ಚರಿಂದೂ ಕಡೀ ನೋಡ್ಲಿಲ್ಲರಿ ಅಕಿ. ಮರುದಿನ ನಾನು, ಮುಂದೇನಾತು ಹೇಳ್ತೇನಿ ಬಾ ಅಂತಿದ್ದೆ. ಬ್ಯಾಡ ಅಂತಿದ್ಲು.”

“ಇವತ್ತ ಮತ್ತ ಎದ್ದ ಬಂದ್ರಲ್ಲ?”

“ಅಕಿಗೆ ನಾಚಿಕಿ ಆಗಬಾರದಂತ ಬಂದ್ವಿ. ನಾಳೆ ಹೋಗ್ತೇವಿ ಬಿಡ್ರಿ.”

ಊರಿಗೆಲ್ಲ ಕತೆ ಹೇಳಿದವನು ತಾನು. ತೋಳು ಅಳೆಯುತ್ತ, ಸೊಂಟ ಅಳೆಯುತ್ತ, ಗುರುತಿಲ್ಲದ ಗಿರಾಕಿಗಳಿಗೂ ಕೊನೆಯವರೆಗೆ ಹೇಳಿದ್ದ. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಊಟಕ್ಕೆ ಹಾಕು ಎಂದಷ್ಟೇ. ಇಂಥದ್ದನ್ನು ಪಕ್ಕದ ಮನೆಯವಳ ಬಾಯಿಂದ ತಿಳಿಯಬೇಕಾಯಿತಲ್ಲ ಎಂದು ಅವನು ತಲೆ ತಗ್ಗಿಸಿ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ತಪ್ಪಾತು” ಎಂದ. ಭರಮವ್ವ ತಿರುಗಿ ನೋಡಲಿಲ್ಲ. ಆದರೆ ಹಿಟ್ಟು ತಟ್ಟುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಫಿರೋಜ್ ಮಧ್ಯಾಹ್ನದ ಹೊತ್ತು ಈಚಿನ ಚಿತ್ರಗಳನ್ನು ಹಾಕತೊಡಗಿದ. ಯಾವ ಚಿತ್ರ ಎಂಬುದನ್ನು ಈಗ ಸುಚಿತ್ರಾ ಮತ್ತು ಅವಳ ಗೆಳತಿಯರು ಆರಿಸುತ್ತಾರೆ. ಪರಮೇಶಪ್ಪ ಟೀವಿಯಲ್ಲಿ ಮಾತಾಡುವುದನ್ನು ಬಿಟ್ಟ. ಬರುವ ನಮಸ್ಕಾರಗಳೂ ಕಡಿಮೆಯಾದವು. “ಬಾಲ್ಕನಿ ಟೇಲರ್” ಎಂದು ಹುಡುಗರು ಹಿಂದಿನಿಂದ ಅನ್ನುವುದು ಕೇಳಿಸಿದಾಗ ಅವನು ಸುಮ್ಮನೆ ಮಷೀನು ತುಳಿಯುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಭರಮವ್ವ ಟೀವಿಯ ಮುಂದಿದ್ದಳು. ಅವನನ್ನು ಕಂಡು ಏಳಲು ಮೊಣಕಾಲಿಗೆ ಕೈ ಕೊಟ್ಟಳು. “ಕುಂದರು. ನಾ ಹಾಕ್ಕೋತೇನಿ” ಎಂದು ಅವನು ತಾನೇ ಬಡಿಸಿಕೊಂಡು ಬಂದು ದೂರದಲ್ಲಿ ಕೂತ. ಹಿಂದೊಮ್ಮೆ ದೌಲತಬಿಯ ಮನೆಯಲ್ಲಿ ಅವಳು ಅರ್ಧ ನೋಡಿದ ಚಿತ್ರವಂತೆ. ಬೇರೆಯಾದ ಗಂಡ ಹೆಂಡತಿ ಕೊನೆಗೆ ರೇಲ್ವೆ ಸ್ಟೇಷನ್ನಿನಲ್ಲಿ ಸಿಕ್ಕು, ಎಲ್ಲರೂ ನಕ್ಕು, ಚಿತ್ರ ಮುಗಿಯಿತು.

ಭರಮವ್ವ ಟೀವಿ ಆರಿಸಿದಳು. “ಇಷ್ಟನ ಏನು?” ಎಂದಳು. “ನಾ ಅನಕೊಂಡಿದ್ದ ಕಡೀನ ಚಲೋ ಇತ್ತು.”

“ನೀ ಏನ ಅನಕೊಂಡಿದ್ದಿ?”

ಅವಳು ಅವನ ಮುಖ ನೋಡಿದಳು, ಖರೇ ಕೇಳುತ್ತಿದ್ದಾನೋ ಇಲ್ಲವೋ ಎಂಬಂತೆ. ಪರಮೇಶಪ್ಪನಿಗೆ ಆ ನೋಟವನ್ನು ತಡೆಯುವುದು ಕಷ್ಟವಾಯಿತು. ಮದುವೆಯಾದಂದಿನಿಂದ ಇಂಥದೊಂದು ಮಾತನ್ನು ತಾನು ಅವಳನ್ನು ಕೇಳಿದ್ದೇ ಇಲ್ಲ ಎಂಬುದು ಅದರಲ್ಲಿ ಕಾಣುತ್ತಿತ್ತು.

“ಅಕಿ ಆ ರೈಲಿಗೆ ಹೋಗಂಗಿಲ್ಲ” ಎಂದು ಭರಮವ್ವ ಶುರುಮಾಡಿದಳು.

ಅಂಗಡಿ ತೆರೆಯುವ ಹೊತ್ತಾಗಿತ್ತು. ಅವನು ಉಂಡ ಕೈ ಒಣಗಿದರೂ ಏಳದೆ ಕೇಳುತ್ತ ಕೂತ.