ಲಂಗದ ಎರಡು ಮಡಿಕೆ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ಶ್ರೀರಾಂಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಯಾರ ಕೈ ಮೂಸಿದರೂ ಅವರೆ ಸೊಗಡೇ. ಸಾರಲ್ಲಿ ಸೊಗಡು, ಸೆರಗಲ್ಲಿ ಸೊಗಡು, ಸ್ಕೂಲಿನ ಪುಸ್ತಕದಲ್ಲೂ ಸೊಗಡು. ನಾವು ಹುಡುಗಿಯರು ಸಿಪ್ಪೆಯ ರಾಶಿ ಪಕ್ಕ ಕೂತು ಅಚ್ಚಿನಕಲ್ಲು ಆಡುತ್ತಿದ್ದೆವು. ತೊಂಬತ್ತರ ದಶಕದ ಅಂಥದ್ದೊಂದು ಕಾಲದಲ್ಲಿ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟ.

ಅಪ್ಪ ಬಟ್ಟೆ ಹೊಲಿಯುತ್ತಿದ್ದ. ನನ್ನನ್ನು ಹೈಸ್ಕೂಲಿಗೆ ಸೇರಿಸಿದಾಗ ನೀಲಿ ಲಂಗ ಹೊಲಿದು, ಅಂಚಿನಲ್ಲಿ ಎರಡು ಮಡಿಕೆ ಇಟ್ಟಿದ್ದ. "ಒಂಬತ್ತಕ್ಕೆ ಒಂದು ಬಿಚ್ಕಳವ್ವ, ಹತ್ತಕ್ಕೆ ಇನ್ನೊಂದು" ಅಂದಿದ್ದ.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಸೋಮವಾರ ಸೋಮವಾರ ಊರ ಗುಡಿಯಲ್ಲಿ ಪುರಾಣ ಹೇಳುತ್ತಿದ್ದ. ದೇಹ ಬಿಟ್ಟ ಆತ್ಮಕ್ಕೆ ಹಸಿವಿಲ್ಲ, ಆಸೆಯಿಲ್ಲ. ದುಃಖ ಬಂದಾಗಲೇ ಬುದ್ಧಿ ನೆಟ್ಟಗಿರಬೇಕು ಅಂತ ಸೊಗಸಾಗಿ ಹೇಳುವನು. ಕಂಬದ ಬುಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಅಪ್ಪನ ಅವ್ವ, ತೂಕಡಿಸುತ್ತಾಳೆಂದೇ ನಾವು ತಿಳಿದಿದ್ದೆವು. ಅವಳು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

ಮೂರನೇ ದಿನ ಹೊಲದಲ್ಲಿ ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಗೆ ಹಾಲುತುಪ್ಪ ಬಿಟ್ಟರು. ಬಾಳೆಲೆಯ ಮೇಲೆ ಮುದ್ದೆ, ಅವರೆಸಾರು, ಅವನಿಗೆ ಪ್ರಾಣವಾಗಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟು ಕಾಗೆಗೆ ಕಾದರು. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಹುಣಸೆಮರದ ಮೇಲೆ ನಾಲ್ಕು ಕಾಗೆ ಇದ್ದವು, ಒಂದೂ ಇಳಿಯಲಿಲ್ಲ. ಬೀಡಿ ಇಟ್ಟರು. ಕತ್ತರಿ ತಂದಿಟ್ಟರು. ಊಹೂಂ.

ಆಗ ದೊಡ್ಡಪ್ಪ ಅವ್ವನ ಕಡೆ ತಿರುಗಿದ. "ಮಗಳನ್ನ ನಿನ್ನ ತಮ್ಮನಿಗೆ ಕೊಡ್ತೀನಿ ಅಂತ ಮಾತು ಕೊಡಮ್ಮ. ಹೋದೋನ ಜೀವ ಅದಕ್ಕೇ ಸುತ್ತಾಡ್ತೈತೆ."

ಎಡೆಯ ಮುಂದೆ ಕೊಟ್ಟ ಮಾತು ತಪ್ಪುವ ಹಾಗಿಲ್ಲ. ಮೂವತ್ತು ದಾಟಿದ ಮಾವ ನೆಲ ನೋಡುತ್ತಾ ಅಲ್ಲೇ ನಿಂತಿದ್ದ. ನನಗೆ ಹದಿಮೂರು. ಹೆದರಿಕೆಯಿಂದ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವ್ವ ಬಿಕ್ಕುತ್ತಾ "ಆಗ್ಲಿ..." ಅಂತ ಬಾಯಿ ತೆರೆದಳು.

ಅಜ್ಜಿ ತಟ್ಟನೆ ಬಂದು ಅವಳ ಬಾಯಿಯನ್ನು ಕೈಯಿಂದ ಮುಚ್ಚಿದಳು. "ಅಳವ್ವ, ಎಷ್ಟು ಬೇಕಾದ್ರೂ ಅಳು. ಅಳ್ತಾ ಮಾತು ಕೊಡಬ್ಯಾಡ."

"ಅವ್ವ, ಅವನ ಆಸೆ..." ಅಂದ ದೊಡ್ಡಪ್ಪ.

"ಲೇ, ಆತ್ಮಕ್ಕೆ ಆಸೆ ಇಲ್ಲ ಅಂತ ಸೋಮವಾರ ಹೇಳಿದ್ಯಲ್ಲ, ಇವತ್ತು ಎಲ್ಲಿಂದ ಬಂತು? ನನ್ನ ಮಗನ ಆಸೇನ ನಾನು ಕಾಗೆ ಕೇಳಿ ತಿಳ್ಕಬೇಕಾ? ಆ ಹುಡುಗಿ ಲಂಗದ ಮಡಿಕೆ ನೋಡು. ಹತ್ತನೇ ಕ್ಲಾಸಿನ ತನಕ ಹೊಲಿದು ಹೋಗ್ಯಾನೆ!" ಆಮೇಲೆ ಎಲ್ಲರ ಕಡೆ ತಿರುಗಿದಳು. "ಇಷ್ಟು ಜನ ಎಡೆ ಮ್ಯಾಲೇ ನಿಂತು ಬಾಯಿ ಬಡ್ಕಂಡ್ರೆ ಯಾವ ಕಾಗೆ ಬರ್ತೈತೆ? ಹಿಂದಕ್ಕೆ ಸರೀರಿ!"

ಎಲ್ಲರೂ ಬದುವಿನ ಆಚೆ ಸರಿದೆವು. ಕಾಗೆ ಇಳಿಯಿತು, ಮುದ್ದೆ ಬಿಟ್ಟು ಮೆಣಸಿನಕಾಯಿ ಕಚ್ಚಿಕೊಂಡು ಹಾರಿತು. ನನಗೆ ನಗು ಬಂದುಬಿಟ್ಟಿತು. ಯಾರೋ ಗದರಿದರು.

"ನಗಲಿ ಬಿಡ್ರಿ. ಸತ್ತಿರೋನು ಅವಳಪ್ಪ, ಅವಳಲ್ಲ" ಅಂದಳು ಅಜ್ಜಿ.

ಅಜ್ಜಿಗೆ ಕರುಳಿರಲಿಲ್ಲ ಎಂದವರಿದ್ದಾರೆ. ಅವರು ಮಾರನೇ ಮಧ್ಯಾಹ್ನ ನಮ್ಮ ಮನೆಯಲ್ಲಿರಲಿಲ್ಲ. ಅಪ್ಪನ ಹೊಲಿಗೆ ಮಿಷಿನ್ನಿನ ಮೇಲೆ ತಲೆಯಿಟ್ಟು ಅವಳು ಅತ್ತದ್ದನ್ನು ನಾನು ನೋಡಿದ್ದೇನೆ. ಆಮೇಲೆ ಮುಖ ತೊಳೆದು ಬಂದು ಅವರೆಕಾಯಿ ಸುಲಿಯಲು ಕೂತಳು.

ಎರಡೂ ಮಡಿಕೆ ಬಿಚ್ಚಿದೆ. ಮುಂದೆ ಟೀಚರಾದೆ. ಎಷ್ಟೋ ವರ್ಷಗಳ ಮೇಲೆ ಅಜ್ಜಿಗೂ ಅದೇ ಹೊಲದಲ್ಲಿ ಎಡೆ ಇಟ್ಟೆವು. ಹುಣಸೆಮರ ಇರಲಿಲ್ಲ. ದೂರ ನಿಂತರೂ ಕಾಗೆಯೇ ಬರಲಿಲ್ಲ. "ಮದುವೆ ಆಗ್ತೀನಿ ಅಂತ ಅಜ್ಜಿಗೆ ಮಾತು ಕೊಡಮ್ಮ, ಬರ್ತೈತೆ" ಅಂದರು ನೆಂಟರು. ಅಳು ಒತ್ತರಿಸಿ ಬಂತು. ಆಗ್ಲಿ ಅಂತ ಹೇಳಿಬಿಡುತ್ತಿದ್ದೆನೇನೋ.

ನನ್ನ ಬಾಯಿಯನ್ನು ನಾನೇ ಕೈಯಿಂದ ಮುಚ್ಚಿಕೊಂಡೆ. ಮಾತು ಕೊಡಲಿಲ್ಲ. ಆದರೆ ಆ ಕೈಯಲ್ಲಿ ಸೋಪಿನ ವಾಸನೆಯಿತ್ತು, ಅವರೆ ಸೊಗಡು ಇರಲಿಲ್ಲ.