ಮಗಳ ಹೊಸ ಮನೆಯ ಹಾಲು

ಕೇಳಿ ಗೆಳೆಯರೇ, ಇವತ್ತು ನನ್ನ ಮಗಳು ಸುಮಾ ಬೇರೆ ಮನೆ ಮಾಡಿದಳು! ನಮ್ಮ ಹೊರಮಾವಿನ ರೈಲ್ವೆ ಗೇಟಿನಲ್ಲಿ ದಿನಾ ಕಾದು ಕಾದು ಶಾಲೆಗೆ ತಡವಾಗುತ್ತದೆಂದು ಈ ಟೀಚರಮ್ಮ ಶಾಲೆಗೆ ಹತ್ತಿರವಾದ ಕುಕ್ ಟೌನಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದಿದ್ದಾಳೆ. ಹಾಲುಕ್ಕಿಸಲು ಬೆಳಿಗ್ಗೆಯೇ ಓಡಿದೆ.

ಹೊಸ ಒಲೆ, ಹೊಸ ಪಾತ್ರೆ. ಹಾಲು ನೊರೆಯೆದ್ದು ಅಂಚಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಹೋಗಿ ಗ್ಯಾಸ್ ಆರಿಸಿಬಿಟ್ಟಿತು!

"ಅಮ್ಮಾ! ಅದು ಉಕ್ಕಬೇಕು ಕಣಮ್ಮಾ, ಆರಿಸ್ಬಿಟ್ಯಲ್ಲ!"

"ಇಪ್ಪತ್ನಾಲ್ಕು ವರ್ಷದಿಂದ ಉಕ್ಕದೇ ಇರೋ ಹಾಗೆ ಕಾದಿದೀನಿ ಕಣೇ. ಕೈ ನನ್ನ ಮಾತು ಕೇಳಲ್ಲ."

"ಹಂಗಾದ್ರೆ ಕೈ ಕಟ್ಕೊಂಡು ನಿಂತ್ಕೋ. ನನ್ನ ಮನೆ ಹಾಲು, ನಾನೇ ಉಕ್ಕಿಸ್ತೀನಿ."

'ನನ್ನ ಮನೆ' ಅಂದದ್ದು ಎದೆಗೆ ಚುರುಕ್ಕೆಂದಿತು. ಆದರೂ ಕೈ ಕಟ್ಟಿ ನಿಂತೆ. ಎರಡನೆಯ ಸಲ ಹಾಲು ಬುಸ್ಸೆಂದು ಎದ್ದು ಒಲೆಯ ಮೇಲೆಲ್ಲ ಹರಿಯಿತು. ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿದೆ!

ಒರೆಸಲು ಹೋದರೆ ಬಟ್ಟೆಯನ್ನು ಕಸಿದುಕೊಂಡಳು. "ಬಿಡಮ್ಮಾ, ನಾನು ಒರೆಸ್ಕೋತೀನಿ."

ಒಲೆ ಒರೆಸುವ ಬಟ್ಟೆ ಎಂಬುದೊಂದು ಇದೆಯೆಂದು ಇವಳಿಗೆ ಗೊತ್ತಾಗಲು ಮನೆ ಬಿಟ್ಟು ಹೋಗಬೇಕಾಯಿತು ನೋಡಿ. ಮೊದಲೇ ತಿಳಿದಿದ್ದರೆ ಎಂದೋ ಕಳುಹಿಸಿರುತ್ತಿದ್ದೆ!